ಅಲ್ಯೂಮಿನಿಯಂ ಫಾಯಿಲ್ ಪಟ್ಟಿಯಲ್ಲಿ ಕಾಂತೀಯ ಬಲ: ನೋಡುವ, ಅಳೆಯುವ, ಲೆಕ್ಕ ಹಾಕುವ ಬಗೆ

ವಿದ್ಯುತ್ ಹರಿಯುವ ತಂತಿಯನ್ನು ಕಾಂತಕ್ಷೇತ್ರವು ತಳ್ಳುತ್ತದೆ ಎಂಬುದನ್ನು ಹತ್ತನೆಯ ತರಗತಿಯಲ್ಲಿ ಓದುತ್ತೇವೆ. ಚಲಿಸುವ ವಿದ್ಯುದಾವೇಶವನ್ನು ಕಾಂತಕ್ಷೇತ್ರವು ತಳ್ಳುತ್ತದೆ ಎಂಬುದನ್ನು ದ್ವಿತೀಯ ಪಿಯುಸಿಯಲ್ಲಿ ಓದುತ್ತೇವೆ. ಎರಡು ವರ್ಷಗಳ ಅಂತರದಲ್ಲಿ, ಎರಡು ಸೂತ್ರಗಳ ರೂಪದಲ್ಲಿ ಬರುವುದರಿಂದ ಇವು ಎರಡು ಬೇರೆ ಸಂಗತಿಗಳೆಂಬ ಭಾವನೆ ಬಹಳ ಮಂದಿಯಲ್ಲಿ ಕೊನೆಯವರೆಗೂ ಉಳಿದುಬಿಡುತ್ತದೆ. ಆದರೆ ತಂತಿಯ ಮೇಲಿನ ಬಲವೆಂಬುದು ಅದರೊಳಗೆ ಸಾಗುತ್ತಿರುವ ಎಲೆಕ್ಟ್ರಾನ್‌ಗಳ ಮೇಲೆ ಬೀಳುವ ಬಲಗಳ ಮೊತ್ತವಲ್ಲದೆ ಬೇರೇನೂ ಅಲ್ಲ. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್‌ನ ಒಂದು ಪಟ್ಟಿಯನ್ನು ಇಟ್ಟುಕೊಂಡು ಮೊದಲು ಈ ಬಲವನ್ನು ಕಣ್ಣಾರೆ ನೋಡಿ, ಬಳಿಕ ತಕ್ಕಡಿಯಲ್ಲಿ ತೂಗಿ, ಕೊನೆಗೆ ಎಲೆಕ್ಟ್ರಾನ್‌ಗಳ ಲೆಕ್ಕದೊಂದಿಗೆ ತಾಳೆ ನೋಡುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಅಲ್ಯೂಮಿನಿಯಂ ಫಾಯಿಲ್, ದೊಡ್ಡ ಟಾರ್ಚಿಗೆ ಹಾಕುವ 1.5 ವೋಲ್ಟ್‌ನ ಒಂದೆರಡು ಸೆಲ್, ಎರಡು ತುಂಡು ವೈರು, ಮೊಸಳೆ ಬಾಯಿಯ ಕ್ಲಿಪ್ಪುಗಳು, ಸೆಲ್ಲೋ ಟೇಪ್, ಒಂದು ದಿಕ್ಸೂಚಿ ಮತ್ತು ಶಾಲೆಯ ಪ್ರಯೋಗಾಲಯದಲ್ಲಿ ಇರುವಂಥ ಯು ಆಕಾರದ ಅಯಸ್ಕಾಂತ ಸಾಕು. ಯು ಆಕಾರದ್ದು ಸಿಗದಿದ್ದರೆ ಕಬ್ಬಿಣದ ಪಟ್ಟಿಯೊಂದನ್ನು ಆ ಆಕಾರಕ್ಕೆ ಬಗ್ಗಿಸಿ, ಒಳಗೋಡೆಗಳಿಗೆ ಎರಡು ಚಪ್ಪಟೆ ಅಯಸ್ಕಾಂತಗಳನ್ನು ವಿರುದ್ಧ ಧ್ರುವಗಳು ಎದುರುಬದುರಾಗುವಂತೆ ಅಂಟಿಸಬಹುದು. ಅಳತೆಯ ಭಾಗಕ್ಕೆ ಮಾತ್ರ ಮಲ್ಟಿಮೀಟರ್, ಒಂದು ಓಮ್‌ನ 5 ವ್ಯಾಟ್ ರೆಸಿಸ್ಟರ್ ಮತ್ತು 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕಾಗುತ್ತದೆ.

ಯಾವುದನ್ನು ಬಳಸಬಾರದು ಎಂಬುದು ಇದಕ್ಕಿಂತ ಮುಖ್ಯ. ಗೋಡೆಯ ಪ್ಲಗ್ಗಿನ ವಿದ್ಯುತ್ತಿನ ಹತ್ತಿರವೂ ಈ ಪ್ರಯೋಗ ಸುಳಿಯಬಾರದು. ಲ್ಯಾಪ್‌ಟಾಪ್, ಪವರ್ ಬ್ಯಾಂಕ್‌ಗಳಲ್ಲಿ ಇರುವ ಲಿಥಿಯಂ ಸೆಲ್ಲನ್ನಾಗಲಿ, ಬೈಕಿನ ಬ್ಯಾಟರಿಯನ್ನಾಗಲಿ ಫಾಯಿಲ್‌ಗೆ ಜೋಡಿಸಿದರೆ ಹತ್ತಾರು ಆಂಪಿಯರ್ ಒಮ್ಮೆಲೇ ಹರಿದು ಫಾಯಿಲ್ ಸುಡುತ್ತದೆ, ಸೆಲ್ ಹೊತ್ತಿಕೊಳ್ಳಲೂಬಹುದು. ಟಾರ್ಚಿನ ಸೆಲ್ಲನ್ನೂ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ನೇರವಾಗಿ ಜೋಡಿಸಿ ಹಿಡಿಯಬಾರದು. ನಿಯೋಡಿಮಿಯಂ ಅಯಸ್ಕಾಂತಗಳನ್ನು ಬಳಸುವವರು ಅವುಗಳನ್ನು ಚಿಕ್ಕ ಮಕ್ಕಳ ಕೈಗೆ ಸಿಗದಂತೆಯೂ, ಪೇಸ್‌ಮೇಕರ್ ಇರುವವರಿಂದ ದೂರವೂ ಇಡತಕ್ಕದ್ದು.

ಪಟ್ಟಿಯನ್ನು ಹಾರಿಸುವುದು

ಫಾಯಿಲ್‌ನಿಂದ 30 ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಹರಿತವಾದ ಕತ್ತರಿಯಿಂದ ಕತ್ತರಿಸಿಕೊಳ್ಳಬೇಕು. ಅಂಚು ಹರಿದಿದ್ದರೆ ಅಲ್ಲಿಯೇ ಮೊದಲು ತುಂಡಾಗುತ್ತದೆ. ಅಯಸ್ಕಾಂತವನ್ನು ಎರಡೂ ಧ್ರುವಗಳು ಮೇಲಕ್ಕಿರುವಂತೆ ಮೇಜಿನ ಮೇಲೆ ನಿಲ್ಲಿಸಿ, ಅದರ ಆಚೆ ಈಚೆ ಅಷ್ಟೇ ಎತ್ತರಕ್ಕೆ ಪುಸ್ತಕಗಳನ್ನು ಪೇರಿಸಿ, ಬಾಗಿಲ ಹೊಸ್ತಿಲನ್ನು ದಾಟಿ ಹೋಗುವ ಹಾಗೆ ಪಟ್ಟಿಯು ಎರಡು ಧ್ರುವಗಳ ನಡುವಿನಿಂದ ಹಾಯ್ದು ಹೋಗುವಂತೆ ಇಡಬೇಕು. ಎರಡು ತುದಿಗಳನ್ನೂ ಪುಸ್ತಕಗಳಿಗೆ ಟೇಪಿನಿಂದ ಅಂಟಿಸಿ, ನಡುವೆ ಪಟ್ಟಿ ಕೊಂಚ ಜೋತುಬಿದ್ದಿರುವಷ್ಟು ಸಡಿಲ ಬಿಡಬೇಕು. ಬಿಗಿಯಾಗಿ ಎಳೆದು ಕಟ್ಟಿದ ಪಟ್ಟಿ ಎಷ್ಟೇ ಬಲ ಬಿದ್ದರೂ ಅಲುಗುವುದಿಲ್ಲ. ಅಲ್ಯೂಮಿನಿಯಂಗೆ ಸಾಧಾರಣ ಬೆಸುಗೆ ಹಿಡಿಯುವುದಿಲ್ಲವಾದ್ದರಿಂದ ತುದಿಯನ್ನು ಎರಡು ಮೂರು ಮಡಿಕೆ ಮಡಚಿ ಅದಕ್ಕೆ ಕ್ಲಿಪ್ ಕಚ್ಚಿಸುವುದೇ ಸರಿಯಾದ ದಾರಿ.

ಈಗ ಒಂದು ವೈರನ್ನು ಸೆಲ್ಲಿನ ಒಂದು ತುದಿಗೆ ಅಂಟಿಸಿ, ಇನ್ನೊಂದು ವೈರಿನ ತುದಿಯನ್ನು ಮತ್ತೊಂದು ಕಡೆಗೆ ಒಮ್ಮೆ ತಾಗಿಸಿ ತೆಗೆಯಬೇಕು. ಪಟ್ಟಿಯು ಚಟಕ್ಕನೆ ಮೇಲಕ್ಕೆ ಬಿಲ್ಲಿನಂತೆ ಬಾಗುತ್ತದೆ, ಇಲ್ಲವೇ ಕೆಳಕ್ಕೆ ಎಳೆದಂತಾಗಿ ಬಿಗಿಯುತ್ತದೆ. ಸೆಲ್ಲನ್ನು ತಿರುಗಿಸಿ ಹಿಡಿದರೆ ದಿಕ್ಕು ಅದಲುಬದಲಾಗುತ್ತದೆ. ಅಯಸ್ಕಾಂತವನ್ನು ತಿರುಗಿಸಿ ಇಟ್ಟರೂ ಅದಲುಬದಲಾಗುತ್ತದೆ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಮೊದಲಿನಂತೆಯೇ ಇರುತ್ತದೆ. ಈ ಮೂರನ್ನೂ ಮಾಡಿ ನೋಡದೆ ಮುಂದಕ್ಕೆ ಹೋಗಬಾರದು.

ಇಲ್ಲಿ ಅನೇಕರು ಮಾಡುವ, ಮೊದಲ ಸಲ ನಾನೂ ಮಾಡಿದ ತಪ್ಪೊಂದಿದೆ. ಚಪ್ಪಟೆ ಅಯಸ್ಕಾಂತವೊಂದನ್ನು ಮೇಜಿನ ಮೇಲೆ ಮಲಗಿಸಿ, ಅದರ ಮೇಲೆ ಪಟ್ಟಿ ಹಾಯಿಸಿ, ಪಟ್ಟಿ ಮೇಲಕ್ಕೆ ಹಾರುತ್ತದೆಂದು ಕಾದು ಕುಳಿತಿದ್ದೆ. ಅದು ಹಾರಲಿಲ್ಲ, ಪಕ್ಕಕ್ಕೆ ಸರಿಯಿತು. ಅಯಸ್ಕಾಂತವು ವಸ್ತುಗಳನ್ನು ತನ್ನತ್ತ ಸೆಳೆಯುತ್ತದೆ ಇಲ್ಲವೇ ತನ್ನಿಂದ ದೂಡುತ್ತದೆ ಎಂದು ಬಾಲ್ಯದಿಂದ ರೂಢಿಯಾಗಿರುವ ಮನಸ್ಸಿಗೆ ಇದು ವಿಚಿತ್ರವೆನಿಸುತ್ತದೆ. ಆದರೆ ವಿದ್ಯುತ್ ಪ್ರವಾಹದ ಮೇಲಿನ ಬಲವು ಅಯಸ್ಕಾಂತದ ಕಡೆಗೂ ಅಲ್ಲ, ಪ್ರವಾಹದ ಕಡೆಗೂ ಅಲ್ಲ. ಅವೆರಡಕ್ಕೂ ಲಂಬವಾದ ಮೂರನೆಯ ದಿಕ್ಕಿಗೆ. ಮಲಗಿಸಿದ ಅಯಸ್ಕಾಂತದ ಕ್ಷೇತ್ರವು ಪಟ್ಟಿಯಿರುವ ಜಾಗದಲ್ಲಿ ಮೇಲ್ಮುಖವಾಗಿಯೋ ಕೆಳಮುಖವಾಗಿಯೋ ಇರುವುದರಿಂದ ಬಲವು ಅಡ್ಡಕ್ಕೇ ಇರಬೇಕಾಗುತ್ತದೆ.

ದಿಕ್ಕನ್ನು ಮೊದಲೇ ಹೇಳುವುದು

ಇದಕ್ಕೆ ಫ್ಲೆಮಿಂಗ್‌ನ ಎಡಗೈ ನಿಯಮವನ್ನು ಬಳಸುತ್ತೇವೆ. ಎಡಗೈಯ ತೋರುಬೆರಳು, ನಡುಬೆರಳು, ಹೆಬ್ಬೆರಳುಗಳನ್ನು ಒಂದಕ್ಕೊಂದು ಲಂಬವಾಗಿ ಚಾಚಿ, ತೋರುಬೆರಳನ್ನು ಕಾಂತಕ್ಷೇತ್ರದ ದಿಕ್ಕಿಗೂ ನಡುಬೆರಳನ್ನು ವಿದ್ಯುತ್ ಪ್ರವಾಹದ ದಿಕ್ಕಿಗೂ ಹಿಡಿದರೆ ಹೆಬ್ಬೆರಳು ಬಲದ ದಿಕ್ಕನ್ನು ತೋರಿಸುತ್ತದೆ. ಕ್ಷೇತ್ರದ ದಿಕ್ಕು ಯಾವಾಗಲೂ ಅಯಸ್ಕಾಂತದ ಉತ್ತರ ಧ್ರುವದಿಂದ ದಕ್ಷಿಣ ಧ್ರುವದ ಕಡೆಗೆ. ಪ್ರವಾಹದ ದಿಕ್ಕು ಹೊರಮಂಡಲದಲ್ಲಿ ಸೆಲ್ಲಿನ ಧನ ತುದಿಯಿಂದ ಋಣ ತುದಿಯ ಕಡೆಗೆ. ಅಯಸ್ಕಾಂತಕ್ಕೆ ಬಣ್ಣ ಬಳಿದಿರದಿದ್ದರೆ ದಿಕ್ಸೂಚಿಯನ್ನು ಸ್ವಲ್ಪ ದೂರದಿಂದ ಹತ್ತಿರಕ್ಕೆ ತರಬೇಕು: ಮುಳ್ಳಿನ ಉತ್ತರದ ತುದಿ ಯಾವ ಧ್ರುವಕ್ಕೆ ಮುಖ ಮಾಡುತ್ತದೋ ಅದು ದಕ್ಷಿಣ ಧ್ರುವ. ತೀರಾ ಹತ್ತಿರಕ್ಕೆ ಒಯ್ದರೆ ಮುಳ್ಳಿನ ಕಾಂತತ್ವವೇ ತಿರುಗಿಹೋಗಿ, ಆಮೇಲೆ ಆ ದಿಕ್ಸೂಚಿ ತಪ್ಪು ಹೇಳತೊಡಗಬಹುದು.

ಒಂದು ಉದಾಹರಣೆಯನ್ನು ಕೈಯಲ್ಲೇ ಹಿಡಿದು ನೋಡೋಣ. ಉತ್ತರಕ್ಕೆ ಮುಖ ಮಾಡಿ ಕುಳಿತಿದ್ದೀರಿ, ಕಾಂತಕ್ಷೇತ್ರವೂ ನಿಮ್ಮೆದುರಿಗೆ, ಅಂದರೆ ಉತ್ತರಕ್ಕೆ ಸಾಗುತ್ತಿದೆ, ಪಟ್ಟಿಯಲ್ಲಿ ಪ್ರವಾಹವು ಎಡದಿಂದ ಬಲಕ್ಕೆ, ಅಂದರೆ ಪೂರ್ವಕ್ಕೆ ಹರಿಯುತ್ತಿದೆ ಎಂದುಕೊಳ್ಳಿ. ಎಡಗೈಯ ತೋರುಬೆರಳನ್ನು ಮುಂದಕ್ಕೆ ಚಾಚಿ, ನಡುಬೆರಳನ್ನು ಬಲಕ್ಕೆ ಮಡಚಿದರೆ ಹೆಬ್ಬೆರಳು ಆಕಾಶವನ್ನು ತೋರಿಸುತ್ತದೆ. ಪಟ್ಟಿ ಮೇಲಕ್ಕೆ ಏಳಬೇಕು. ಈ ಊಹೆಯನ್ನು ಬರೆದಿಟ್ಟುಕೊಂಡು ಆಮೇಲೆ ಸೆಲ್ ತಾಗಿಸಿ ನೋಡಬೇಕು. ಮೊದಲು ನೋಡಿ ಆಮೇಲೆ ಬೆರಳು ಮಡಚುವವರು ಬೆರಳುಗಳನ್ನು ಕಂಡದ್ದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತಾರೆ. ಪರೀಕ್ಷೆಯ ಕೊಠಡಿಯಲ್ಲಿ ಪೆನ್ನು ಬಲಗೈಯಲ್ಲಿ ಇರುವುದರಿಂದ ಎಡಗೈ ಬಿಡುವಾಗಿರುತ್ತದೆ ಎಂದುಕೊಂಡರೂ, ಎಡಗೈಯಲ್ಲಿ ಬರೆಯುವ ಮಕ್ಕಳು ಅವಸರದಲ್ಲಿ ಬಲಗೈಯನ್ನು ಮಡಚಿ ವಿರುದ್ಧ ಉತ್ತರ ಬರೆಯುವುದುಂಟು.

ಎಲೆಕ್ಟ್ರಾನ್ ಬಂದಾಗ ಗೊಂದಲ ಹೆಚ್ಚುತ್ತದೆ. ಅದರ ಆವೇಶ ಋಣವಾದ್ದರಿಂದ ನಡುಬೆರಳನ್ನು ಅದು ಚಲಿಸುವ ದಿಕ್ಕಿಗಲ್ಲ, ಅದಕ್ಕೆ ವಿರುದ್ಧವಾಗಿ ಹಿಡಿಯಬೇಕು. ಧನ ಆವೇಶವಿರುವ ಪ್ರೋಟಾನಿಗೂ ಆಲ್ಫಾ ಕಣಕ್ಕೂ ಚಲನೆಯ ದಿಕ್ಕೇ ನಡುಬೆರಳಿನ ದಿಕ್ಕು.

ಬಲ ಎಷ್ಟು?

ತಂತಿಯ ಮೇಲಿನ ಬಲವು ಕಾಂತಕ್ಷೇತ್ರ, ವಿದ್ಯುತ್ ಪ್ರವಾಹ, ಕ್ಷೇತ್ರದೊಳಗೆ ಇರುವ ತಂತಿಯ ಉದ್ದ ಮತ್ತು ತಂತಿಗೂ ಕ್ಷೇತ್ರಕ್ಕೂ ನಡುವಿನ ಕೋನದ ಸೈನ್, ಈ ನಾಲ್ಕರ ಗುಣಲಬ್ಧಕ್ಕೆ ಸಮ. ಕ್ಷೇತ್ರವನ್ನು ಟೆಸ್ಲಾದಲ್ಲಿ, ಪ್ರವಾಹವನ್ನು ಆಂಪಿಯರ್‌ನಲ್ಲಿ, ಉದ್ದವನ್ನು ಮೀಟರ್‌ನಲ್ಲಿ ಇಟ್ಟರೆ ಬಲವು ನ್ಯೂಟನ್‌ನಲ್ಲಿ ಬರುತ್ತದೆ. ಉದ್ದವೆಂದರೆ ಪಟ್ಟಿಯ ಇಡೀ 30 ಸೆಂಟಿಮೀಟರ್ ಅಲ್ಲ, ಧ್ರುವಗಳ ನಡುವೆ ಸಿಕ್ಕಿಕೊಂಡಿರುವ ಭಾಗ ಮಾತ್ರ ಎಂಬುದನ್ನು ಮರೆಯಬಾರದು.

ನಮ್ಮ ಪಟ್ಟಿಯಲ್ಲಿ 3 ಆಂಪಿಯರ್ ಹರಿಯುತ್ತಿದೆ, ಧ್ರುವಗಳ ಅಗಲ 3 ಸೆಂಟಿಮೀಟರ್, ಕ್ಷೇತ್ರ 0.1 ಟೆಸ್ಲಾ ಎಂದಿಟ್ಟುಕೊಂಡರೆ ಬಲವು 0.1 × 3 × 0.03, ಅಂದರೆ 0.009 ನ್ಯೂಟನ್ ಆಗುತ್ತದೆ. ಇದು ಒಂದು ಗ್ರಾಂಗಿಂತ ಕೊಂಚ ಕಡಿಮೆ ತೂಕಕ್ಕೆ ಸಮ. ಎಷ್ಟು ಅಲ್ಪ ಎನಿಸಬಹುದು. ಆದರೆ 11 ಮೈಕ್ರಾನ್ ದಪ್ಪದ ಫಾಯಿಲ್‌ನಲ್ಲಿ ನಾವು ಕತ್ತರಿಸಿದ ಇಡೀ ಪಟ್ಟಿ ತೂಗುವುದೇ ಸುಮಾರು 0.09 ಗ್ರಾಂ. ತನ್ನ ತೂಕದ ಹತ್ತು ಪಟ್ಟು ಬಲ ಬಿದ್ದ ವಸ್ತು ಹಾರದೆ ಇನ್ನೇನು ಮಾಡೀತು? ತಾಮ್ರದ ದಪ್ಪ ತಂತಿಯನ್ನು ಇಟ್ಟು ಪ್ರಯತ್ನಿಸಿದವರಿಗೆ ಏನೂ ಕಾಣದೆ ನಿರಾಸೆಯಾಗುವುದು ಬಲ ಕಡಿಮೆಯೆಂದಲ್ಲ, ತಂತಿ ಭಾರವೆಂದು.

ತಕ್ಕಡಿಯಲ್ಲಿ ತೂಗುವುದು

ಅಯಸ್ಕಾಂತದ ಕ್ಷೇತ್ರ 0.1 ಟೆಸ್ಲಾ ಎಂದು ಮೇಲೆ ಸುಮ್ಮನೆ ಊಹಿಸಿದೆವು. ಮೊಬೈಲ್ ಫೋನಿನಲ್ಲಿರುವ ಕಾಂತಮಾಪಕದಿಂದ ಅದನ್ನು ಅಳೆಯಲು ಹೋಗಬಾರದು; ಅದು ಭೂಮಿಯ ಕ್ಷೇತ್ರದಂಥ ದುರ್ಬಲ ಕ್ಷೇತ್ರಗಳಿಗೆಂದು ಮಾಡಿದ್ದು, ಇಷ್ಟು ಪ್ರಬಲ ಕ್ಷೇತ್ರದಲ್ಲಿ ಅದರ ಓದು ನಂಬಲು ಬರುವುದಿಲ್ಲ. ತಕ್ಕಡಿಯೇ ಇಲ್ಲಿ ಉತ್ತಮ ಉಪಕರಣ. ಅಯಸ್ಕಾಂತವು ತಂತಿಯನ್ನು ಮೇಲಕ್ಕೆ ತಳ್ಳಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ ತಂತಿಯು ಅಯಸ್ಕಾಂತವನ್ನು ಅಷ್ಟೇ ಬಲದಿಂದ ಕೆಳಕ್ಕೆ ತಳ್ಳುತ್ತದೆ. ಆದ್ದರಿಂದ ತಂತಿಯನ್ನು ಅಲುಗದಂತೆ ಕಟ್ಟಿ, ಅಯಸ್ಕಾಂತವನ್ನು ತಕ್ಕಡಿಯ ಮೇಲೆ ಇಟ್ಟರೆ ಬಲವು ತೂಕದ ಏರಿಳಿತವಾಗಿ ಕಾಣಿಸುತ್ತದೆ.

ತಕ್ಕಡಿಯ ತಟ್ಟೆಯ ಮೇಲೆ ಐದಾರು ಸೆಂಟಿಮೀಟರ್ ಎತ್ತರದ ಥರ್ಮಾಕೋಲ್ ತುಂಡನ್ನಿಟ್ಟು ಅದರ ಮೇಲೆ ಅಯಸ್ಕಾಂತವನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಅದು ತಕ್ಕಡಿಯ ಒಳಗಿನ ಕಬ್ಬಿಣದ ಭಾಗಗಳನ್ನು ಸೆಳೆದು ಓದನ್ನು ಕೆಡಿಸುತ್ತದೆ. ಗಟ್ಟಿಯಾದ ತಾಮ್ರದ ತಂತಿಯೊಂದನ್ನು ಧ್ರುವಗಳ ನಡುವೆ, ಯಾವುದಕ್ಕೂ ತಾಗದಂತೆ, ಮೇಜಿನ ಮೇಲಿನ ಬೇರೆ ಆಧಾರಕ್ಕೆ ಬಿಗಿಯಬೇಕು. ಸೆಲ್, ಒಂದು ಓಮ್ ರೆಸಿಸ್ಟರ್, 10 ಆಂಪಿಯರ್ ವ್ಯಾಪ್ತಿಗೆ ಇಟ್ಟ ಮಲ್ಟಿಮೀಟರ್ ಮತ್ತು ಈ ತಂತಿಯನ್ನು ಸರಣಿಯಲ್ಲಿ ಜೋಡಿಸಬೇಕು. ರೆಸಿಸ್ಟರ್ ಇರುವುದರಿಂದ ಇಲ್ಲಿ ಪ್ರವಾಹವನ್ನು ಕೆಲವು ಸೆಕೆಂಡ್ ಹರಿಯಬಿಟ್ಟರೂ ತೊಂದರೆಯಿಲ್ಲ. ಮಲ್ಟಿಮೀಟರಿನ ಕೆಂಪು ವೈರನ್ನು 10 ಆಂಪಿಯರ್ ರಂಧ್ರಕ್ಕೆ ಬದಲಿಸಲು ಮರೆತು ಫ್ಯೂಸ್ ಕಳೆದುಕೊಂಡವರು ಬಹಳ ಮಂದಿ.

ತಕ್ಕಡಿಯನ್ನು ಸೊನ್ನೆಗೆ ತಂದು ಪ್ರವಾಹ ಹರಿಸಿದಾಗ, 1.2 ಆಂಪಿಯರ್‌ಗೆ 0.37 ಗ್ರಾಂ ತೋರಿಸಿತು ಎನ್ನೋಣ. ಸೆಲ್ಲನ್ನು ತಿರುಗಿಸಿದರೆ ಅಷ್ಟೇ ಅಂಕಿ ಋಣ ಚಿಹ್ನೆಯೊಂದಿಗೆ ಬರಬೇಕು. ಎರಡೂ ಓದುಗಳ ವ್ಯತ್ಯಾಸದ ಅರ್ಧವನ್ನು ತೆಗೆದುಕೊಳ್ಳುವುದು ಜಾಣತನ, ಏಕೆಂದರೆ ತಕ್ಕಡಿಯ ಸೊನ್ನೆ ಕೊಂಚ ಜರುಗಿದ್ದರೂ ಆ ದೋಷ ಕಳೆದುಹೋಗುತ್ತದೆ. 0.37 ಗ್ರಾಂ ಅಂದರೆ 0.0036 ನ್ಯೂಟನ್, ಅದನ್ನು 1.2 ಆಂಪಿಯರ್ ಮತ್ತು ಧ್ರುವದ ಅಗಲ 0.03 ಮೀಟರ್‌ಗಳ ಗುಣಲಬ್ಧದಿಂದ ಭಾಗಿಸಿದರೆ ಕ್ಷೇತ್ರವು 0.1 ಟೆಸ್ಲಾ ಎಂದು ಸಿಗುತ್ತದೆ. ಅಡುಗೆಮನೆಯ ತಕ್ಕಡಿ ಮಾತ್ರ ಇರುವವರು ಒಂದು ತಂತಿಯ ಬದಲು ಹತ್ತು ಸುತ್ತಿನ ಆಯತಾಕಾರದ ಸುರುಳಿಯ ಕೆಳಬದಿಯನ್ನು ಧ್ರುವಗಳ ನಡುವೆ ಇಳಿಬಿಡಬಹುದು. ಮೇಲ್ಬದಿ ಮಾತ್ರ ಕ್ಷೇತ್ರದಿಂದ ಸಾಕಷ್ಟು ಹೊರಗಿರಬೇಕು. ಪ್ರವಾಹ ಅಷ್ಟೇ ಇದ್ದರೆ ಬಲ ಹತ್ತು ಪಟ್ಟಾಗುತ್ತದೆ.

ಕೋನದ ಪರಿಣಾಮವನ್ನು ಪರೀಕ್ಷಿಸುವವರಿಗೆ ಒಂದು ಎಚ್ಚರಿಕೆ. ಧ್ರುವಗಳ ನಡುವೆ ಹಾಯ್ದು ಹೋಗುವ ಉದ್ದ ತಂತಿಯನ್ನು ಓರೆ ಮಾಡಿದರೆ ಸೈನ್ ಕಡಿಮೆಯಾಗುತ್ತದೆ ನಿಜ, ಆದರೆ ಕ್ಷೇತ್ರದೊಳಗಿನ ಉದ್ದವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಬಲ ಬದಲಾಗದಿರುವುದನ್ನು ಕಂಡು ಸೂತ್ರವೇ ತಪ್ಪೆಂದು ಭಾವಿಸಬಾರದು. ಒಂದೇ ಸೆಂಟಿಮೀಟರ್ ಕೆಳಬದಿ ಇರುವ ಕಿರಿದಾದ ಸುರುಳಿಯನ್ನು ಪೂರ್ತಿ ಕ್ಷೇತ್ರದೊಳಗೇ ಇಟ್ಟು ತಿರುಗಿಸಿದಾಗ ಮಾತ್ರ 30 ಡಿಗ್ರಿಗೆ ಅರ್ಧ ಬಲವೂ, ಕ್ಷೇತ್ರಕ್ಕೆ ಸಮಾಂತರವಾದಾಗ ಸೊನ್ನೆಯೂ ಕಾಣುತ್ತವೆ.

ಎಲೆಕ್ಟ್ರಾನ್‌ಗಳ ಲೆಕ್ಕ

ಒಂದು ಆವೇಶದ ಮೇಲಿನ ಬಲವು ಆವೇಶ, ಅದರ ವೇಗ, ಕಾಂತಕ್ಷೇತ್ರ ಮತ್ತು ವೇಗಕ್ಕೂ ಕ್ಷೇತ್ರಕ್ಕೂ ನಡುವಿನ ಕೋನದ ಸೈನ್, ಇವುಗಳ ಗುಣಲಬ್ಧ. ಇದಕ್ಕೆ ಡಚ್ ಭೌತವಿಜ್ಞಾನಿ ಲೊರೆಂಟ್ಸ್ ಅವರ ಹೆಸರು ಅಂಟಿಕೊಂಡಿದೆ. ಈ ಸೂತ್ರವನ್ನು ನಮ್ಮ ಪಟ್ಟಿಗೇ ಹಚ್ಚಿ ನೋಡೋಣ.

ಒಂದು ಘನಮೀಟರ್ ಅಲ್ಯೂಮಿನಿಯಂನಲ್ಲಿ ಸುಮಾರು 1.8 × 10²⁹ ಮುಕ್ತ ಎಲೆಕ್ಟ್ರಾನ್‌ಗಳಿವೆ. ಪಟ್ಟಿಯ ಅಡ್ಡಕೊಯ್ತದ ವಿಸ್ತೀರ್ಣ 1.1 × 10⁻⁷ ಚದರ ಮೀಟರ್. ಪ್ರತಿ ಎಲೆಕ್ಟ್ರಾನಿನ ಆವೇಶ 1.6 × 10⁻¹⁹ ಕೂಲಂಬ್. 3 ಆಂಪಿಯರನ್ನು ಈ ಮೂರರ ಗುಣಲಬ್ಧದಿಂದ ಭಾಗಿಸಿದರೆ ಎಲೆಕ್ಟ್ರಾನ್‌ಗಳು ಸರಾಸರಿಯಾಗಿ ಮುಂದಕ್ಕೆ ತೆವಳುವ ವೇಗ ಸಿಗುತ್ತದೆ: ಸೆಕೆಂಡಿಗೆ ಸುಮಾರು 0.95 ಮಿಲಿಮೀಟರ್. ಇರುವೆಯೂ ಇದಕ್ಕಿಂತ ಬಿರುಸಾಗಿ ನಡೆಯುತ್ತದೆ. 0.1 ಟೆಸ್ಲಾ ಕ್ಷೇತ್ರದಲ್ಲಿ ಇಂಥ ಒಂದು ಎಲೆಕ್ಟ್ರಾನಿನ ಮೇಲೆ ಬೀಳುವ ಬಲ ಸುಮಾರು 1.5 × 10⁻²³ ನ್ಯೂಟನ್. ಧ್ರುವಗಳ ನಡುವಿನ 3 ಸೆಂಟಿಮೀಟರ್ ಪಟ್ಟಿಯಲ್ಲಿರುವ ಎಲೆಕ್ಟ್ರಾನ್‌ಗಳು ಸುಮಾರು 6 × 10²⁰. ಗುಣಿಸಿದರೆ 0.009 ನ್ಯೂಟನ್, ತಂತಿಯ ಸೂತ್ರದಿಂದ ಬಂದ ಅದೇ ಉತ್ತರ.

ಎಲೆಕ್ಟ್ರಾನ್‌ಗಳು ಲೋಹವನ್ನು ಬಿಟ್ಟು ಹೊರಗೆ ಹಾರಲಾರವು. ಅವು ಪಟ್ಟಿಯ ಒಂದು ಮೈಯತ್ತ ಕೊಂಚ ಒತ್ತರಿಸಿಕೊಂಡು, ಹಿಂದೆ ಉಳಿದ ಧನ ಅಯಾನ್‌ಗಳನ್ನು ವಿದ್ಯುತ್ ಸೆಳೆತದಿಂದ ತಮ್ಮೊಂದಿಗೆ ಎಳೆಯುತ್ತವೆ. ಹೀಗೆ ಇಡೀ ಪಟ್ಟಿ ಏಳುತ್ತದೆ. ಸಾಗುತ್ತಿರುವುದು ಋಣ ಆವೇಶವೋ ಧನ ಆವೇಶವೋ ಎಂಬುದು ಪಟ್ಟಿಯ ಹಾರಾಟದಿಂದ ತಿಳಿಯುವುದಿಲ್ಲ, ಏಕೆಂದರೆ ಆವೇಶದ ಚಿಹ್ನೆಯೂ ಚಲನೆಯ ದಿಕ್ಕೂ ಒಟ್ಟಿಗೆ ತಿರುಗುವುದರಿಂದ ಬಲದ ದಿಕ್ಕು ಅದೇ ಉಳಿಯುತ್ತದೆ. ಆದರೆ ಒತ್ತರಿಸಿಕೊಂಡ ಮೈಗೂ ಎದುರಿನ ಮೈಗೂ ನಡುವೆ ಹುಟ್ಟುವ ಅತ್ಯಲ್ಪ ವೋಲ್ಟೇಜಿನ ಚಿಹ್ನೆ ಅದನ್ನು ಹೇಳಿಬಿಡುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಕೊಂಡದ್ದು ಇದನ್ನೇ.

ಲೋಹದಿಂದ ಬಿಡುಗಡೆಯಾದ ಆವೇಶದ ಕಥೆ ಬೇರೆ. ಬಲವು ಯಾವಾಗಲೂ ಚಲನೆಗೆ ಅಡ್ಡವಾಗಿರುವುದರಿಂದ ಅದು ಕಣದ ಜವವನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ, ದಾರಿಯನ್ನು ಬಾಗಿಸುತ್ತದೆ ಅಷ್ಟೇ. ಸಮಕ್ಷೇತ್ರಕ್ಕೆ ಲಂಬವಾಗಿ ಹೊಕ್ಕ ಕಣವು ವೃತ್ತದಲ್ಲಿ ಸುತ್ತುತ್ತದೆ. ವೃತ್ತದ ತ್ರಿಜ್ಯವು ದ್ರವ್ಯರಾಶಿ ಮತ್ತು ಜವಗಳ ಗುಣಲಬ್ಧವನ್ನು ಆವೇಶ ಮತ್ತು ಕ್ಷೇತ್ರಗಳ ಗುಣಲಬ್ಧದಿಂದ ಭಾಗಿಸಿದಷ್ಟು. (ಹಾಗಾದರೆ ಮೇಲೆದ್ದ ಪಟ್ಟಿಗೆ ಶಕ್ತಿ ಕೊಟ್ಟವರು ಯಾರು ಎಂದು ಕೇಳಬಹುದು. ಸೆಲ್ ಕೊಟ್ಟಿತು, ಕಾಂತಬಲ ಅದನ್ನು ದಿಕ್ಕು ಬದಲಿಸಿ ದಾಟಿಸಿತು.) ಜವ ಹೆಚ್ಚಿದಷ್ಟೂ ವೃತ್ತ ದೊಡ್ಡದಾಗುವುದರಿಂದ ಒಂದು ಸುತ್ತಿನ ಅವಧಿ ಜವವನ್ನು ಅವಲಂಬಿಸುವುದಿಲ್ಲ. ಒಂದು ಟೆಸ್ಲಾ ಕ್ಷೇತ್ರದಲ್ಲಿ ಪ್ರೋಟಾನ್, ನಿಧಾನವಿರಲಿ ಬಿರುಸಿರಲಿ, ಸೆಕೆಂಡಿಗೆ ಸುಮಾರು 1.5 ಕೋಟಿ ಸುತ್ತು ಹಾಕುತ್ತದೆ. ಕಣಗಳನ್ನು ಸುತ್ತಿಸುತ್ತಾ ಅವುಗಳ ಜವ ಹೆಚ್ಚಿಸುವ ಯಂತ್ರವಾದ ಸೈಕ್ಲೋಟ್ರಾನ್ ನಡೆಯುವುದು ಈ ಅನುಕೂಲದ ಮೇಲೆಯೇ. ಕಣದ ಜವ ಬೆಳಕಿನ ವೇಗವನ್ನು ಸಮೀಪಿಸಿದಾಗ ಮಾತ್ರ ಈ ಸಾಮ್ಯ ಕೆಡುತ್ತದೆ.

ಹಳೆಯ ಡಬ್ಬಿ ಟಿ.ವಿ.ಯ ಲೆಕ್ಕವನ್ನು ಮಾಡಿ ನೋಡುವುದು ಒಳ್ಳೆಯ ಅಭ್ಯಾಸ. ಅದರ ಚಿತ್ರನಳಿಕೆಯಲ್ಲಿ 25,000 ವೋಲ್ಟ್ ದಾಟಿ ಬಂದ ಎಲೆಕ್ಟ್ರಾನಿನ ಜವ ಸೆಕೆಂಡಿಗೆ ಸುಮಾರು 9 × 10⁷ ಮೀಟರ್. ಬೆಂಗಳೂರು, ಮೈಸೂರು ಸೀಮೆಯಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾಯುವುದರಿಂದ ಇಲ್ಲಿ ಕ್ಷೇತ್ರವು ಬಹುಮಟ್ಟಿಗೆ ನೆಲಕ್ಕೆ ಸಮಾಂತರವಾಗಿ ಉತ್ತರಾಭಿಮುಖವಾಗಿದೆ. ಈ ಅಂಕಿಗಳಿಂದ ತ್ರಿಜ್ಯ ಸುಮಾರು 13 ಮೀಟರ್ ಬರುತ್ತದೆ, 30 ಸೆಂಟಿಮೀಟರ್ ಉದ್ದದ ನಳಿಕೆಯಲ್ಲಿ ಕಿರಣವು 3ರಿಂದ 4 ಮಿಲಿಮೀಟರ್ ಸರಿಯುತ್ತದೆ. ಪರದೆ ಪೂರ್ವಕ್ಕೆ ಮುಖ ಮಾಡಿದ್ದರೆ ಯಾವ ಕಡೆಗೆ? ಎಲೆಕ್ಟ್ರಾನ್ ಪೂರ್ವಕ್ಕೆ ಸಾಗುತ್ತದೆ, ಆದ್ದರಿಂದ ನಡುಬೆರಳು ಪಶ್ಚಿಮಕ್ಕೆ, ತೋರುಬೆರಳು ಉತ್ತರಕ್ಕೆ, ಹೆಬ್ಬೆರಳು ನೆಲವನ್ನು ತೋರಿಸುತ್ತದೆ. ಉತ್ತರಕ್ಕೆ ಮುಖ ಮಾಡಿಟ್ಟ ಟಿ.ವಿ.ಯಲ್ಲಿ ಕಿರಣ ಕ್ಷೇತ್ರಕ್ಕೆ ಸಮಾಂತರವಾಗಿರುವುದರಿಂದ ಹೆಚ್ಚುಕಡಿಮೆ ಏನೂ ಆಗುವುದಿಲ್ಲ.

ಅಯಸ್ಕಾಂತವಿಲ್ಲದೆ

ಕೊನೆಯ ಪ್ರಯೋಗಕ್ಕೆ ಅಯಸ್ಕಾಂತವೇ ಬೇಡ. ವಿದ್ಯುತ್ ಪ್ರವಾಹ ದಿಕ್ಸೂಚಿಯನ್ನು ಅಲುಗಿಸುತ್ತದೆಂದು ಓರ್ಸ್ಟೆಡ್ 1820ರಲ್ಲಿ ಪ್ರಕಟಿಸಿದ ಕೆಲವೇ ವಾರಗಳಲ್ಲಿ, ಎರಡು ಪ್ರವಾಹಗಳು ಒಂದನ್ನೊಂದು ತಳ್ಳುತ್ತವೆ, ಸೆಳೆಯುತ್ತವೆ ಎಂದು ಪ್ಯಾರಿಸ್‌ನಲ್ಲಿ ಆಂಪಿಯರ್ ತೋರಿಸಿಕೊಟ್ಟರು. ಒಂದು ತಂತಿಯ ಸುತ್ತ ಹುಟ್ಟಿದ ಕ್ಷೇತ್ರದಲ್ಲಿ ಇನ್ನೊಂದು ತಂತಿ ಇದೆ, ಅಷ್ಟೇ. ಒಂದು ಮೀಟರ್ ಅಂತರದ ಎರಡು ತಂತಿಗಳಲ್ಲಿ ತಲಾ ಒಂದು ಆಂಪಿಯರ್ ಹರಿದರೆ ಪ್ರತಿ ಮೀಟರ್ ಉದ್ದಕ್ಕೆ 2 × 10⁻⁷ ನ್ಯೂಟನ್ ಬಲ ಬೀಳುತ್ತದೆ. 2019ರ ಮೇ 20ರವರೆಗೆ ಆಂಪಿಯರ್‌ನ ವ್ಯಾಖ್ಯೆಯೇ ಇದಾಗಿತ್ತು.

3 ಮಿಲಿಮೀಟರ್ ಅಗಲದ ಎರಡು ಪಟ್ಟಿಗಳನ್ನು 5 ಮಿಲಿಮೀಟರ್ ಅಂತರದಲ್ಲಿ ಲಂಬವಾಗಿ, ಕೊಂಚ ಸಡಿಲವಾಗಿ ಮೇಲೂ ಕೆಳಗೂ ಅಂಟಿಸಬೇಕು. ಕೆಳತುದಿಗಳನ್ನು ಒಂದಕ್ಕೊಂದು ಜೋಡಿಸಿ ಮೇಲ್ತುದಿಗಳಿಗೆ ಸೆಲ್ ತಾಗಿಸಿದರೆ ಪ್ರವಾಹ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏರುತ್ತದೆ, ಪಟ್ಟಿಗಳು ದೂರ ಸರಿಯುತ್ತವೆ. ಮೇಲ್ತುದಿಗಳೆರಡನ್ನೂ ಸೆಲ್ಲಿನ ಒಂದು ಕಡೆಗೆ, ಕೆಳತುದಿಗಳೆರಡನ್ನೂ ಇನ್ನೊಂದು ಕಡೆಗೆ ಜೋಡಿಸಿದರೆ ಹತ್ತಿರ ಬರುತ್ತವೆ. ತಲಾ 2 ಆಂಪಿಯರ್ ಹರಿದಾಗ 30 ಸೆಂಟಿಮೀಟರ್ ಪಟ್ಟಿಯ ಮೇಲಿನ ಬಲ ಅದರ ತೂಕದ ಐದನೆಯ ಒಂದು ಭಾಗದ ಆಸುಪಾಸು ಇರುವುದರಿಂದ ಚಲನೆ ಕಣ್ಣಿಗೆ ಬೀಳುತ್ತದೆ, ಆದರೆ ಫ್ಯಾನ್ ಆರಿಸಿರಬೇಕು, ಕಿಟಕಿ ಮುಚ್ಚಿರಬೇಕು. ಏನೂ ಕಾಣದಿದ್ದರೆ ಮೊದಲು ಕ್ಲಿಪ್ಪು ಕಚ್ಚಿದ ಜಾಗವನ್ನು ನೋಡಿ, ಬಳಿಕ ಹೊಸ ಸೆಲ್ ಹಾಕಿ, ಆಮೇಲೆ ಪಟ್ಟಿಗಳನ್ನು ಇನ್ನೂ ಹತ್ತಿರ ತನ್ನಿ. ಅಂತರ ಅರ್ಧಕ್ಕೆ ಇಳಿದರೆ ಬಲ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಆಕರ್ಷಿಸುವಾಗ ಪಟ್ಟಿಗಳು ತಾಗಿಕೊಂಡು ನಿಂತುಬಿಟ್ಟರೆ ಸೆಲ್ಲನ್ನು ತೆಗೆದು, ಪೋಸ್ಟ್‌ಕಾರ್ಡ್ ತುದಿಯಿಂದ ಬಿಡಿಸಿ ಮತ್ತೆ ಮಾಡಬಹುದು.